ಪರದೇಶದ ಪಂಚತೀರ್ಪು

ದೂಧಗಂಗಾ ವೇದಗಂಗೆಯರು ಕೂಡುವ ನಮ್ಮ ಭೋಜ ಗ್ರಾಮವು ಇಂದು ಕರ್ನಾಟಕದ ಬೆಳಗಾವಿ ಜಿಲ್ಲೆಯೊಳಗಿನದು. ಕೆಲವೇ ಹರದಾರಿಗಳಾಚೆ ಮಹಾರಾಷ್ಟ್ರವು ಪ್ರಾರಂಭವಾಗುವದಾದರೂ ದೇಶವೊಂದೇ, ಕಾಯದೆಯೊಂದೇ, ಎಲ್ಲಕ್ಕೂ ಮೇಲಣ ಕೋರ್ಟು ಒಂದೇ. 1949ಕ್ಕೆ ಮೊದಲು ಹೀಗಿರಲಿಲ್ಲ. ಚಿಕ್ಕೋಡಿ ತಾಲೂಕು ಮುಂಬಯಿ ಇಲಾಖೆಯದು. ರಾಯಬಾಗವು ಕೊಲ್ಲಾಪುರ ಸಂಸ್ಥಾನದ್ದು. ಕಾಗಲ, ಇಚಲಕರಂಜಿಗಳು ಆ ಸಂಸ್ಥಾನದ ಕೈಕೆಳಗಿನ ಜಹಗೀರಿಗಳು. ಸಾಲ ಕೊಟ್ಟವನು ಒಂದು ರಾಜ್ಯದ ಪ್ರಜೆ, ಸಾಲ ತಂದವನು ಇನ್ನೊಂದರ ಪ್ರಜೆ. ಸಂತೆಗೆ ಹೋಗಿಬರುವಷ್ಟು ದೂರದ ಊರಿನ ಕೋರ್ಟು ಕೂಡ ಕಾಯದೆಯ ಕಣ್ಣಿಗೆ ಪರರಾಜ್ಯದ ಕೋರ್ಟೇ ಆಗಿದ್ದಿತು.

ಆಗ ಹುಟ್ಟುತ್ತಿದ್ದ ಪ್ರಶ್ನೆ ಇದು: ಅಲ್ಲಿಯ ನ್ಯಾಯಾಧೀಶನು ಕೊಟ್ಟ ತೀರ್ಪನ್ನು ಇಲ್ಲಿಯ ನ್ಯಾಯಾಧೀಶನು ಹಾಗೆಯೇ ಜಾರಿ ಮಾಡಬೇಕೋ, ಅಥವಾ ಮತ್ತೊಮ್ಮೆ ಮೊದಲಿನಿಂದ ವಿಚಾರಿಸಬೇಕೋ? ಸಂಸ್ಥಾನಗಳು ಅಳಿದರೂ ಪ್ರಶ್ನೆಯು ಅಳಿಯಲಿಲ್ಲ. ಅದು ಸಮುದ್ರದಾಚೆಗೆ ಹೋಗಿ ನಿಂತಿದೆ. ನಮ್ಮ ದೇಶದ ವ್ಯಾಪಾರಿಗಳು ಲಂಡನ್, ಸಿಂಗಪುರಗಳ ಪಂಚರ ಮುಂದೆ ವ್ಯಾಜ್ಯವನ್ನು ಬಗೆಹರಿಸಿಕೊಳ್ಳುವದಾಗಿ ಕರಾರುಪತ್ರಕ್ಕೆ ರುಜು ಹಾಕುವ ಕಾಲವಿದು. ಆ ಪಂಚರು ಕೊಟ್ಟ ನಿರ್ಣಯವು ನಮ್ಮ ಕೋರ್ಟಿನ ಬಾಗಿಲಿಗೆ ಬಂದಾಗ ಏನಾಗುವದೆಂಬುದನ್ನು ವಾಚಕರಿಗೆ ತಿಳಿಸುವದು ಈ ತಿಂಗಳ ನಮ್ಮ ಉದ್ದೇಶವಾಗಿದೆ. ಇದು ವಕೀಲರ ವಿಷಯ, ಮನೆಯಲ್ಲಿ ಓದುವ ಮಾಸಪತ್ರಿಕೆಗೆ ಇದೇಕೆಂದು ಯಾರೂ ಪುಟ ತಿರುವಬಾರದು. ಕಾರಣವು ಮುಂದೆ ತಾನೇ ತಿಳಿದುಬರುವದು.

ಮೊದಲು ಹಳೆಯ ಮಾತು. 1908ರ ದಿವಾಣಿ ವ್ಯವಹಾರ ಸಂಹಿತೆಯ 13ನೆಯ ಕಲಮು ಇಂದಿಗೂ ಜೀವಂತವಾಗಿದೆ. ಪರದೇಶದ ಕೋರ್ಟಿನ ತೀರ್ಪನ್ನು ನಾವು ಮನ್ನಿಸುವೆವು. ಆದರೆ ಅಧಿಕಾರವಿಲ್ಲದ ಕೋರ್ಟು ಕೊಟ್ಟಿದ್ದರೆ, ಸಹಜನ್ಯಾಯಕ್ಕೆ ವಿರುದ್ಧವಾಗಿ ವಿಚಾರಣೆ ನಡೆದಿದ್ದರೆ, ವಂಚನೆಯಿಂದ ದೊರಕಿಸಿದ್ದರೆ ಮನ್ನಿಸುವದಿಲ್ಲ ಎಂಬುದು ಅದರ ಮುಖ್ಯ ಸಾರಾಂಶ. ಈ ಕಲಮಿಗೂ ಮೊದಲೇ, 1894ರಲ್ಲಿ, ಪಂಜಾಬದ ಫರೀದಕೋಟ ಸಂಸ್ಥಾನದ ಒಂದು ವ್ಯಾಜ್ಯವು ಲಂಡನ್ನಿನ ಪ್ರಿವಿ ಕೌನ್ಸಿಲಿನ ವರೆಗೆ ಹೋಗಿತ್ತು. ಸರದಾರ ಗುರುದಯಾಳಸಿಂಗನೆಂಬವನು ಫರೀದಕೋಟದ ರಾಜನ ಖಜಾಂಚಿಯಾಗಿದ್ದು, ಆ ನೌಕರಿಯನ್ನು ಬಿಟ್ಟು ತನ್ನ ಝೀಂದ ಸಂಸ್ಥಾನಕ್ಕೆ ಹೊರಟುಹೋಗಿದ್ದನು. ಕೆಲವು ವರ್ಷಗಳ ನಂತರ ರಾಜನು ತನ್ನದೇ ಸಂಸ್ಥಾನದ ಕೋರ್ಟಿನಲ್ಲಿ ಆತನ ಮೇಲೆ ದಾವೆ ಹೂಡಿದನು. ಈತನು ಹಾಜರಾಗಲಿಲ್ಲ, ಏಕಪಕ್ಷೀಯವಾಗಿ ಹುಕುಮನಾಮೆಯಾಯಿತು. ಅದನ್ನು ಹಿಡಿದು ರಾಜನು ಇಂಗ್ಲಿಷರ ಸೀಮೆಯ ಕೋರ್ಟಿಗೆ ಬಂದಾಗ, ಈತನ ಮೇಲೆ ಆ ಸಂಸ್ಥಾನಕ್ಕೆ ಅಧಿಕಾರವೇ ಉಳಿದಿರಲಿಲ್ಲ, ಆದುದರಿಂದ ಹೊರಗಿನವರಿಗೆ ಆ ಹುಕುಮನಾಮೆಯು ಇಲ್ಲದಂತೆಯೇ ಸರಿ, ಎಂದು ಪ್ರಿವಿ ಕೌನ್ಸಿಲು ತೀರ್ಮಾನಿಸಿತು. ಕರೆ ಬಂದರೂ ಹೋಗದೆ ಕುಳಿತವನಿಗೆ ಅಲ್ಲಿ ಜಯವಾಯಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ಪಂಚತೀರ್ಪಿನ ವಿಷಯದಲ್ಲಿ ಇದೇ ನಡತೆಯು ನಾಶಕ್ಕೆ ಕಾರಣವಾಗುವದು.

ಭೇದವೆಲ್ಲಿದೆ? ಕೋರ್ಟಿನ ಅಧಿಕಾರವು ರಾಜ್ಯದಿಂದ ಬಂದದ್ದು. ಪಂಚರ ಅಧಿಕಾರವಾದರೋ ಉಭಯ ಪಕ್ಷಗಳ ವಚನದಿಂದ ಬಂದದ್ದು. ನಮ್ಮಲ್ಲಿ ವ್ಯಾಜ್ಯವು ಹುಟ್ಟಿದರೆ ಇಂಥ ಊರಿನಲ್ಲಿ, ಇಂಥ ನಿಯಮಗಳಂತೆ, ಪಂಚರು ತೀರಿಸತಕ್ಕದ್ದು ಎಂದು ತಾನೇ ಬರೆದುಕೊಟ್ಟವನು, ಆ ಊರಿಗೂ ನನಗೂ ಏನು ಸಂಬಂಧ ಎಂದು ಕೇಳಲಾರನು. ಸಂಬಂಧವನ್ನು ಆತನ ರುಜುವೇ ಹುಟ್ಟಿಸಿರುತ್ತದೆ.

ಪಂಚರ ನ್ಯಾಯವು ನಮಗೆ ಹೊಸದಲ್ಲ. ಯಾಜ್ಞವಲ್ಕ್ಯಸ್ಮೃತಿಯು ಅರಸನಿಂದ ನಿಯಮಿತರಾದ ನ್ಯಾಯಾಧಿಕಾರಿಗಳಲ್ಲದೆ ಪೂಗ, ಶ್ರೇಣಿ, ಕುಲ ಎಂದು ಮೂರು ಸಭೆಗಳನ್ನು ಹೇಳುತ್ತದೆ. ಒಂದೂರಿನ ನಾನಾ ಜಾತಿ ವೃತ್ತಿಗಳವರ ಸಭೆ ಪೂಗ, ಒಂದೇ ಕಸಬಿನವರದು ಶ್ರೇಣಿ, ಬಂಧುಬಳಗದವರದು ಕುಲ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ ವಿಜ್ಞಾನೇಶ್ವರನು ಆ ಸ್ಮೃತಿಗೆ ಮಿತಾಕ್ಷರಾ ಎಂಬ ಟೀಕೆಯನ್ನು ಬರೆದನು. ಅದು ನಮ್ಮ ನಾಡಿನಲ್ಲಿ ಹುಟ್ಟಿ ಭಾರತದ ಬಹುಭಾಗಕ್ಕೆ ಪ್ರಮಾಣಗ್ರಂಥವಾಯಿತು. ವರ್ತಕರ ಶ್ರೇಣಿಯೇ ಇಂದಿನ ಅಂತರರಾಷ್ಟ್ರೀಯ ವಾಣಿಜ್ಯ ಪಂಚರ ಪೂರ್ವಜನೆಂದರೆ ಅತಿಶಯೋಕ್ತಿಯಾಗಲಾರದು.

ಆ ಗ್ರಂಥವು ವ್ಯವಹಾರದ ಕ್ರಮವನ್ನು ಹೇಳುವಾಗ ಎಷ್ಟು ಎಚ್ಚರ ವಹಿಸಿದೆಯೆಂಬುದನ್ನು ನೋಡಬೇಕು. ಫಿರ್ಯಾದಿಯ ಹೇಳಿಕೆಯನ್ನು ಪ್ರತಿವಾದಿಯ ಎದುರಿನಲ್ಲಿಯೇ ಬರೆದುಕೊಳ್ಳಬೇಕು, ಪ್ರತಿವಾದಿಯ ಉತ್ತರವನ್ನು ಫಿರ್ಯಾದಿಯ ಎದುರಿನಲ್ಲಿ ಬರೆದುಕೊಳ್ಳಬೇಕು, ಆಮೇಲೆ ಸಾಕ್ಷಿ ಪುರಾವೆ, ಕಡೆಗೆ ನಿರ್ಣಯ. ಬಲಾತ್ಕಾರದಿಂದ ಇಲ್ಲವೆ ಕಪಟದಿಂದ ತೀರಿದ ವ್ಯವಹಾರವನ್ನೂ, ರಾತ್ರಿಯಲ್ಲಿ, ಮನೆಯೊಳಗೆ, ಊರ ಹೊರಗೆ, ಅಥವಾ ವೈರಿಗಳಿಂದ ತೀರಿದ ವ್ಯವಹಾರವನ್ನೂ ಅರಸನು ತಿರುಗಿಸಿಬಿಡಬೇಕು. ಇಲ್ಲಿ ನಿರ್ಣಯವು ಸರಿಯೋ ತಪ್ಪೋ ಎಂಬ ಮಾತೇ ಇಲ್ಲ! ಕತ್ತಲೆಯಲ್ಲಿ, ಕದ ಮುಚ್ಚಿ ಮಾಡಿದ ನ್ಯಾಯವು ಅಕಸ್ಮಾತ್ತಾಗಿ ಸರಿಯಾಗಿದ್ದರೂ ನ್ಯಾಯವಲ್ಲವೆಂಬುದೇ ಅಭಿಪ್ರಾಯ. ಶಾಲೆಯಲ್ಲಿ ಬಹುಕಾಲ ಕಳೆದ ನಮಗೆ ಇದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜಗಳಾಡಿದ ಇಬ್ಬರು ಹುಡುಗರಲ್ಲಿ ಮೊದಲು ಬಂದು ಹೇಳಿದವನದೇ ಯಾವಾಗಲೂ ಸತ್ಯವೆಂದು ತೋರುತ್ತದೆ. ಎರಡನೆಯವನು ಬಾಯಿ ತೆರೆಯುವ ವರೆಗೆ ಮಾತ್ರ.

ಆದರೆ ಅದೇ ಸ್ಮೃತಿಯು ಇನ್ನೆರಡು ಮಾತುಗಳನ್ನು ಹೇಳಿ ತಕ್ಕಡಿಯನ್ನು ಸಮ ಮಾಡಿದೆ. ಕರೆಸಿದಾಗ ಬಂದು ಏನನ್ನೂ ನುಡಿಯದವನೂ, ಓಡಿಹೋಗುವವನೂ ಸೋತವರೇ, ದಂಡಾರ್ಹರೇ ಎಂಬುದು ಒಂದು. ನ್ಯಾಯವಾದ ಕ್ರಮದಲ್ಲಿ ಸೋತಿದ್ದರೂ ತಾನು ಸೋತಿಲ್ಲವೆಂದು ಮತ್ತೆ ಬಂದವನನ್ನು ಪುನಃ ಸೋಲಿಸಿ ಇಮ್ಮಡಿ ದಂಡ ತೆರಿಸಬೇಕೆಂಬುದು ಇನ್ನೊಂದು. ಮೊದಲನೆಯ ನಿಯಮವು ದುರ್ಬಲನಿಗೆ ರಕ್ಷೆ. ಈ ಎರಡು ನಿಯಮಗಳು ಹಟಮಾರಿಗೆ ಅಂಕುಶ. ಇಂದಿನ ಕಾಯದೆಯ ಆತ್ಮವೂ ಇಷ್ಟೇ.

ಇನ್ನು ಆ ಕಾಯದೆಯ ವಿಷಯ. 1958ರ ಜೂನ್ 10ರಂದು ನ್ಯೂಯಾರ್ಕಿನಲ್ಲಿ ಒಂದು ಅಂತರರಾಷ್ಟ್ರೀಯ ಒಡಂಬಡಿಕೆಯಾಯಿತು. ಒಂದು ದೇಶದ ಪಂಚತೀರ್ಪನ್ನು ಇನ್ನೊಂದು ದೇಶದ ಕೋರ್ಟುಗಳು ಮನ್ನಿಸಿ ಜಾರಿ ಮಾಡಬೇಕೆಂಬುದು ಅದರ ತಿರುಳು. ಭಾರತವು 1960ರಲ್ಲಿ ಅದನ್ನು ಅಂಗೀಕರಿಸಿ 1961ರಲ್ಲಿ ಪ್ರತ್ಯೇಕ ಕಾಯದೆಯನ್ನು ಮಾಡಿತು; ಈಗ 1996ರ ಮಧ್ಯಸ್ಥಿಕೆ ಮತ್ತು ರಾಜಿಸಂಧಾನ ಕಾಯದೆಯಲ್ಲಿ ಅದು ಸೇರಿಹೋಗಿದೆ. ಇಂದು 170ಕ್ಕೂ ಮಿಕ್ಕ ರಾಷ್ಟ್ರಗಳು ಆ ಒಡಂಬಡಿಕೆಗೆ ಒಳಪಟ್ಟಿವೆ. ನಮ್ಮ ಸರಕಾರವು ಪ್ರಕಟಿಸಿದ ದೇಶಗಳಲ್ಲಿ ಹುಟ್ಟಿದ ವಾಣಿಜ್ಯ ತೀರ್ಪುಗಳಿಗೆ ಮಾತ್ರ ಇಲ್ಲಿ ಈ ಮನ್ನಣೆಯುಂಟು. 2015ರ ತಿದ್ದುಪಡಿಯ ಮೇಲೆ ಇಂಥ ದರಖಾಸ್ತನ್ನು ಹಾಯಕೋರ್ಟಿಗೇ ಕೊಡತಕ್ಕದ್ದು. ನಮ್ಮ ಜಿಲ್ಲೆಯವರ ಪಾಲಿಗೆ ಅದು ಧಾರವಾಡ ಪೀಠ.

ಈ ಕಾಯದೆಯ 48ನೆಯ ಕಲಮೇ ಬಾಗಿಲ ಕಾವಲುಗಾರ. ಜಾರಿಯನ್ನು ತಡೆಯಲು ಅದು ಏಳೇ ಕಾರಣಗಳನ್ನು ಒಪ್ಪುತ್ತದೆ. ಕರಾರೇ ಸಿಂಧುವಲ್ಲ, ಪಂಚರ ನೇಮಕದ ಅಥವಾ ವಿಚಾರಣೆಯ ತಕ್ಕ ನೋಟೀಸು ತಲುಪಲಿಲ್ಲ, ಇಲ್ಲವೆ ತನ್ನ ಪಕ್ಷವನ್ನು ಮಂಡಿಸಲು ಶಕ್ಯವಾಗಲಿಲ್ಲ, ಪಂಚರು ತಮಗೊಪ್ಪಿಸಿದ ವಿಷಯದ ಎಲ್ಲೆಯನ್ನು ಮೀರಿದರು, ಪಂಚರ ರಚನೆ ಕರಾರಿನಂತೆ ಆಗಲಿಲ್ಲ, ತೀರ್ಪು ಇನ್ನೂ ಬದ್ಧವಾಗಿಲ್ಲ ಅಥವಾ ಹುಟ್ಟಿದ ನೆಲದ ಕೋರ್ಟೇ ಅದನ್ನು ರದ್ದುಪಡಿಸಿದೆ. ಈ ಐದನ್ನು ಸೋತವನೇ ಸಿದ್ಧಪಡಿಸಿ ತೋರಿಸಬೇಕು. ಆ ವಿಷಯವೇ ಪಂಚರು ತೀರಿಸತಕ್ಕದ್ದಲ್ಲ, ಅಥವಾ ಜಾರಿಯು ಭಾರತದ ಲೋಕನೀತಿಗೆ ವಿರುದ್ಧವಾದದ್ದು ಎಂಬ ಇನ್ನೆರಡನ್ನು ಕೋರ್ಟು ತಾನೇ ಕಂಡುಕೊಳ್ಳಬಹುದು. ಪಂಚರು ಲೆಕ್ಕವನ್ನು ತಪ್ಪಾಗಿ ತಿಳಿದರು, ಸಾಕ್ಷಿಯನ್ನು ಸರಿಯಾಗಿ ತೂಗಲಿಲ್ಲ ಎಂಬ ಕಾರಣವು ಈ ಯಾದಿಯಲ್ಲಿ ಇಲ್ಲವೇ ಇಲ್ಲ. ಕೋರ್ಟು ಬಾಗಿಲಲ್ಲಿ ಕೇಳುವದು ‘ನಿರ್ಣಯವು ಸರಿಯೇ?’ ಎಂದಲ್ಲ, ‘ಎದುರು ಪಕ್ಷದವನ ಮಾತನ್ನು ಕೇಳಿದರೇ?’ ಎಂಬುದೇ ಅದರ ಮುಖ್ಯ ಪ್ರಶ್ನೆ.

ಇದು ಕಠಿಣವೆಂದು ಕೆಲವರಿಗೆ ತೋರಬಹುದು. ಆದರೆ ನಾಳೆ ನಮ್ಮವನೇ ಲಂಡನ್ನಿನಲ್ಲಿ ಗೆದ್ದು, ಸೋತವನ ಊರಿನ ಕೋರ್ಟಿಗೆ ಹೋದಾಗ, ಅಲ್ಲಿ ಎಲ್ಲವನ್ನೂ ಮೊದಲಿನಿಂದ ವಿಚಾರಿಸುವೆವೆಂದರೆ ಆತನ ಗತಿಯೇನು? ಕೊಟ್ಟು ಕೊಳ್ಳುವ ಮನ್ನಣೆಯಿದು. ಒಂದೇ ಕಡೆಗೆ ಹರಿಯುವ ನಿಯಮವನ್ನು ಯಾವ ದೇಶವೂ ಒಪ್ಪಲಾರದು.

ತನ್ನ ಪಕ್ಷವನ್ನು ಮಂಡಿಸಲು ಶಕ್ಯವಾಗಲಿಲ್ಲವೆಂಬ ಮಾತಿಗೆ ಎಷ್ಟು ಅರ್ಥವೆಂಬುದನ್ನು ಎರಡು ವ್ಯಾಜ್ಯಗಳು ಸ್ಪಷ್ಟಪಡಿಸಿವೆ. 1996ರಲ್ಲಿ ಸೆಂಟ್ರೋಟ್ರೇಡ್ ಎಂಬ ಪರದೇಶೀ ಕಂಪನಿಯು ಹಿಂದೂಸ್ಥಾನ ಕಾಪರ್ ಎಂಬ ನಮ್ಮ ಸರಕಾರೀ ಸಂಸ್ಥೆಗೆ ತಾಮ್ರದ ಅದಿರಿನ ಸಾರವನ್ನು ಮಾರುವ ಕರಾರು ಮಾಡಿತು. ಮಾಲಿನ ತೂಕದ ವಿಷಯದಲ್ಲಿ ತಕರಾರು ಹುಟ್ಟಿತು. ಕರಾರಿನಂತೆ ಮೊದಲು ಭಾರತದಲ್ಲಿ, ಆಮೇಲೆ ಲಂಡನ್ನಿನಲ್ಲಿ ಪಂಚರ ವಿಚಾರಣೆಯಾಗಬೇಕಿತ್ತು. ಲಂಡನ್ನಿನ ವಿಚಾರಣೆಯನ್ನು ತಡೆಯಲೆಂದು ನಮ್ಮ ಸಂಸ್ಥೆಯು ರಾಜಸ್ಥಾನದ ಕೋರ್ಟುಗಳಿಗೆ ಹೋಯಿತು. ಪಂಚನ ಮುಂದೆ ಬಹುಕಾಲ ಬಾಯಿ ತೆರೆಯಲಿಲ್ಲ. ಪಂಚನು ಮೇಲಿಂದ ಮೇಲೆ ಅವಧಿ ಕೊಟ್ಟು, ತಡವಾಗಿ ಬಂದ ಬರಹಗಳನ್ನೂ ಓದಿ, 2001ರಲ್ಲಿ ತೀರ್ಪು ಕೊಟ್ಟನು. ತಮ್ಮ ಮಾತನ್ನು ಹೇಳಲು ಆಸ್ಪದ ಸಿಗಲಿಲ್ಲವೆಂಬ ಸಂಸ್ಥೆಯ ದೂರನ್ನು ಸುಪ್ರೀಮ್ ಕೋರ್ಟು 2020ರ ಜೂನ್ 2ರಂದು ತಳ್ಳಿಹಾಕಿತು. ಆಸ್ಪದವನ್ನು ಕೊಡುವದಷ್ಟೇ ಪಂಚನ ಕರ್ತವ್ಯ, ಅದನ್ನು ಬಳಸುವದು ಪಕ್ಷಗಾರನ ಕೈಯಲ್ಲಿದೆ. ಕರಾರಿನಿಂದ ಕಡೆಯ ತೀರ್ಪಿನ ವರೆಗೆ ಇಪ್ಪತ್ತನಾಲ್ಕು ವರ್ಷಗಳು ಕಳೆದವೆಂಬುದನ್ನೂ ಲಕ್ಷಿಸಬೇಕು.

ಅದೇ 2020ರ ಫೆಬ್ರುವರಿಯಲ್ಲಿ ಇನ್ನೊಂದು ತೀರ್ಪು ಬಂದಿತ್ತು. ರವಿನ್ ಕೇಬಲ್ಸ್ ಎಂಬ ಕಂಪನಿಯ ಪಾಲುಗಾರರಿಗೂ ಇಟಲಿಯ ಪ್ರಿಸ್ಮಿಯನ್ ಕಂಪನಿಗೂ ನಡೆದ ವ್ಯಾಜ್ಯದಲ್ಲಿ ಲಂಡನ್ನಿನ ಪಂಚತೀರ್ಪನ್ನು ಎತ್ತಿಹಿಡಿಯುತ್ತ, ಪಕ್ಷಗಾರನ ಕೈಮೀರಿದ ಕಾರಣಗಳಿಂದ ನ್ಯಾಯಸಮ್ಮತ ವಿಚಾರಣೆ ತಪ್ಪಿಹೋಯಿತೇ ಎಂಬುದೇ ಒರೆಗಲ್ಲು ಎಂದು ಸುಪ್ರೀಮ್ ಕೋರ್ಟು ಹೇಳಿತು. ತೀರ್ಪಿನ ಸರಿತಪ್ಪುಗಳನ್ನು ಮತ್ತೆ ಕೆದಕಲು ಬಂದ ಪಾಲುಗಾರರ ಮೇಲೆ 50 ಲಕ್ಷ ರೂಪಾಯಿ ಖರ್ಚನ್ನು ಹೊರಿಸಿತು. ಯಾಜ್ಞವಲ್ಕ್ಯನ ಇಮ್ಮಡಿ ದಂಡವು ಇಲ್ಲಿ ನಮಗೆ ನೆನಪಾಗದೆ ಇರದು.

ಹಾಗಾದರೆ ಪಂಚತೀರ್ಪು ಬಿದ್ದುಹೋಗುವ ಪ್ರಸಂಗವೇ ಇಲ್ಲವೇ? ಉಂಟು, ಮತ್ತು ಅದು ನಮ್ಮ ಬೆಂಗಳೂರಿನದೇ. ಇಸ್ರೋದ ವಾಣಿಜ್ಯ ಶಾಖೆಯಾದ ಆಂಟ್ರಿಕ್ಸ್ ಸಂಸ್ಥೆಯೂ ದೇವಾಸ್ ಎಂಬ ಖಾಸಗಿ ಕಂಪನಿಯೂ 2005ರ ಜನವರಿ 28ರಂದು ಎರಡು ಉಪಗ್ರಹಗಳ ಪ್ರಸಾರಶಕ್ತಿಯನ್ನು ಬಾಡಿಗೆಗೆ ಕೊಡುವ ಕರಾರು ಮಾಡಿಕೊಂಡವು. 2011ರ ಫೆಬ್ರುವರಿಯಲ್ಲಿ ದೇಶದ ಆವಶ್ಯಕತೆಯ ಕಾರಣವನ್ನು ಹೇಳಿ ಸರಕಾರವು ಅದನ್ನು ಮುರಿಸಿತು. ಪ್ಯಾರಿಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಲದ ನಿಯಮಗಳಂತೆ ದಿಲ್ಲಿಯನ್ನು ಪೀಠವಾಗಿಟ್ಟುಕೊಂಡ ಪಂಚರು 2015ರ ಸಪ್ಟಂಬರ 14ರಂದು, ಕರಾರು ಮುರಿದದ್ದು ತಪ್ಪೆಂದು ದೇವಾಸಿಗೆ 56 ಕೋಟಿ 25 ಲಕ್ಷ ಡಾಲರುಗಳನ್ನೂ ಬಡ್ಡಿಯನ್ನೂ ಕೊಡಿಸಿದರು.

ಮುಂದೆ ಎರಡು ದೇಶಗಳಲ್ಲಿ ಎರಡು ಬಾಗಿಲುಗಳು ತೆರೆದವು. ಇಲ್ಲಿ, ದೇವಾಸ್ ಕಂಪನಿಯ ಹುಟ್ಟೇ ವಂಚನೆಯಿಂದ ಕೂಡಿದ್ದೆಂದು ಆಂಟ್ರಿಕ್ಸ್ ದೂರಿತು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯು ಆ ಕಂಪನಿಯನ್ನು ವಿಸರ್ಜಿಸಲು ಅಪ್ಪಣೆ ಕೊಟ್ಟಿತು. ಸುಪ್ರೀಮ್ ಕೋರ್ಟು 2022ರ ಜನವರಿ 17ರಂದು ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಆಗಸ್ಟ 29ರಂದು ದಿಲ್ಲಿಯ ಹಾಯಕೋರ್ಟು ವಂಚನೆ, ಲೋಕನೀತಿಗಳ ಕಾರಣದಿಂದ ಪಂಚತೀರ್ಪನ್ನೇ ರದ್ದುಪಡಿಸಿತು. ತೀರ್ಪಿನ ಫಲವನ್ನು ತಪ್ಪಿಸಲೆಂದೇ ಈ ವಿಸರ್ಜನೆಯನ್ನು ಹೂಡಿದರೆಂಬ ಹೂಡಿಕೆದಾರರ ಆಕ್ಷೇಪಣೆಯನ್ನು ಸುಪ್ರೀಮ್ ಕೋರ್ಟು ಒಪ್ಪಿರಲಿಲ್ಲ.

ಅಲ್ಲಿಯಾದರೋ, ದಿಲ್ಲಿಯ ತೀರ್ಪು ಅಮೇರಿಕೆಗೆ ಪರದೇಶದ ತೀರ್ಪು. 2020ರಲ್ಲಿ ಸಿಯಾಟಲ್ ನಗರದ ಕೋರ್ಟು ಅದನ್ನು ಸ್ಥಿರಪಡಿಸಿ, ಬಡ್ಡಿ ಸಹಿತ 100 ಕೋಟಿ ಡಾಲರುಗಳಿಗೂ ಮಿಕ್ಕ ಹುಕುಮನಾಮೆಯನ್ನು ಹೊರಡಿಸಿತು. ಆಂಟ್ರಿಕ್ಸಿಗೂ ಅಮೇರಿಕೆಗೂ ಸಾಕಷ್ಟು ಸಂಬಂಧವಿಲ್ಲವೆಂದು 2023ರಲ್ಲಿ ಮೇಲಿನ ಕೋರ್ಟು ಅದನ್ನು ತಿರುಗಿಸಿತು. ಪರರಾಷ್ಟ್ರಗಳ ಸಂಸ್ಥೆಗಳ ವಿಷಯಕ್ಕಿರುವ ಅಲ್ಲಿಯ ಕಾಯದೆಯಲ್ಲಿ ಅಂಥ ಪ್ರತ್ಯೇಕ ಸಂಬಂಧವನ್ನು ತೋರಿಸಬೇಕಾಗಿಲ್ಲವೆಂದು ಅಮೇರಿಕೆಯ ಸುಪ್ರೀಮ್ ಕೋರ್ಟು 2025ರ ಜೂನ್ 5ರಂದು ಏಕಮತದಿಂದ ಹೇಳಿ, ಉಳಿದ ಪ್ರಶ್ನೆಗಳ ವಿಚಾರಕ್ಕಾಗಿ ವ್ಯಾಜ್ಯವನ್ನು ಕೆಳಗಿನ ಕೋರ್ಟಿಗೆ ಹಿಂದಿರುಗಿಸಿತು. 1894ರಲ್ಲಿ ಫರೀದಕೋಟದ ಖಜಾಂಚಿಯು ಎತ್ತಿದ ಪ್ರಶ್ನೆಯನ್ನೇ ನೂರಾಮೂವತ್ತು ವರ್ಷಗಳ ತರುವಾಯ ಬೆಂಗಳೂರಿನ ಸಂಸ್ಥೆಯು ಸಿಯಾಟಲಿನಲ್ಲಿ ಎತ್ತಿತೆಂಬುದು ವಿಚಾರಾರ್ಹವಾಗಿದೆ.

ಈ ವ್ಯಾಜ್ಯದಲ್ಲಿ ಯಾರು ಸತ್ಯವಂತರೆಂದು ನಿರ್ಣಯಿಸುವದು ನಮ್ಮ ಕೆಲಸವಲ್ಲ. ಎರಡು ಮಾತುಗಳನ್ನು ಮಾತ್ರ ಹೇಳಬಯಸುತ್ತೇವೆ. ಕಪಟದಿಂದ ತೀರಿದ್ದನ್ನು ತಿರುಗಿಸಬೇಕೆಂಬ ಸ್ಮೃತಿವಚನವು ಸರ್ವದೇಶಗಳಿಗೂ ಸಲ್ಲುವಂಥದು; ಎಷ್ಟು ದೊಡ್ಡ ತೀರ್ಪಾದರೂ ವಂಚನೆಯ ತಳಹದಿಯ ಮೇಲೆ ನಿಲ್ಲಬಾರದು. ಆದರೆ ವಂಚನೆಯ ಕೂಗು ಸೋತ ಮೇಲೆ, ಅದೂ ವರ್ಷಗಳ ತರುವಾಯ ಎದ್ದಷ್ಟೂ, ಹೊರಗಿನವನು ಅದನ್ನು ಸಂಶಯದಿಂದಲೇ ಕೇಳುವನು. ಕರಾರಿನಲ್ಲಿ ದೋಷವಿದ್ದರೆ ಅದನ್ನು ಮೊದಲ ಸಭೆಯಲ್ಲಿ, ಮೊದಲ ಉತ್ತರದಲ್ಲಿಯೇ ಹೇಳುವವನ ಮಾತಿಗೆ ತೂಕ ಹೆಚ್ಚು. ಸರಕಾರಕ್ಕೂ ಇದೇ ನಿಯಮ, ಸಾಮಾನ್ಯ ವರ್ತಕನಿಗೂ ಇದೇ ನಿಯಮ.

ಈಗ ಮನೆಯ ಮಾತಿಗೆ ಬರೋಣ. ನಿಪ್ಪಾಣಿಯ ಹೊಗೇಸೊಪ್ಪಿನ ಪೇಟೆಯ ಒಬ್ಬ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಿರಿ. ಪರದೇಶದ ಗಿರಾಕಿಯೊಬ್ಬನು ಅಚ್ಚಾದ ಇಪ್ಪತ್ತು ಪುಟಗಳ ಕರಾರನ್ನು ಕಳಿಸುತ್ತಾನೆ. ಈತನು ದರವನ್ನು ನೋಡುತ್ತಾನೆ, ತೂಕವನ್ನು ನೋಡುತ್ತಾನೆ, ಹಣ ಬರುವ ದಿನವನ್ನು ನೋಡುತ್ತಾನೆ. ಕಡೆಯ ಪುಟದ ಸಣ್ಣಕ್ಷರದ ಕಲಮನ್ನು ಓದದೆ ರುಜು ಹಾಕುತ್ತಾನೆ. ಮಾಲು ಮಾದರಿಯಂತಿಲ್ಲವೆಂದು ತಕರಾರು ಬರುತ್ತದೆ. ಒಂದು ದಿನ ಇಂಗ್ಲಿಷಿನ ನೋಟೀಸು ಮನೆಗೆ ಬಂದಾಗ ಮನೆಯಲ್ಲಿ ಹೆಣ್ಣುಮಕ್ಕಳಷ್ಟೇ ಇರುತ್ತಾರೆ. ಅದು ಗೋಡೆಯ ಗೂಡಿನಲ್ಲಿ ಲಗ್ನಪತ್ರಿಕೆಗಳ ಜೊತೆಗೆ ಸೇರುತ್ತದೆ. ಯಜಮಾನನು ಕಂಡರೂ, ಲಂಡನ್ನಿನವರು ಇಲ್ಲಿಗೆ ಬಂದು ಏನು ಮಾಡಿಯಾರು ಎಂದು ನಕ್ಕು ಸುಮ್ಮನಾಗುತ್ತಾನೆ. ವರ್ಷವೊಂದು ಕಳೆದ ಮೇಲೆ ಧಾರವಾಡದಿಂದ ಕೋರ್ಟಿನ ಸಮನ್ಸು ಬರುತ್ತದೆ. ಮಾಲು ಚೆನ್ನಾಗಿಯೇ ಇತ್ತು, ಸಾಕ್ಷಿಗಳಿದ್ದಾರೆ ಎಂದು ಆತನು ಆಗ ಹೇಳಹೊರಡುವನು. ಮಾತು ನಿಜವೇ ಇದ್ದೀತು. ಆದರೆ ಅದನ್ನು ಕೇಳುವ ಸ್ಥಳವು ದಾಟಿಹೋಗಿರುತ್ತದೆ. ನೋಟೀಸು ತಲುಪಿತ್ತೋ ಇಲ್ಲವೋ ಎಂದಷ್ಟೇ ಕೋರ್ಟು ಕೇಳುವದು. ತಲುಪಿತ್ತೆಂದರೆ ಹೊಲ ಮನೆಗಳ ಜಪ್ತಿಯ ವರೆಗೂ ಕೆಲಸ ಹೋದೀತು. ರುಜು ಹಾಕಿದವನು ಒಬ್ಬನೇ ಆದರೂ ಅದರ ಭಾರವನ್ನು ಹೊರುವದು ಇಡೀ ಸಂಸಾರ. ಆದುದರಿಂದಲೇ ಈ ವಿಷಯವು ಗೃಹಸ್ಥರ ಪತ್ರಿಕೆಗೆ ತಕ್ಕದ್ದೆಂದು ನಾವು ಬಗೆದೆವು.

ಮಾಡತಕ್ಕದ್ದು ಸುಲಭವಾಗಿದೆ. ರುಜು ಹಾಕುವ ಮೊದಲು ಪಂಚರ ಕಲಮನ್ನು ಹುಡುಕಿ ಓದಿಸಬೇಕು. ಯಾವ ಊರು, ಎಷ್ಟು ಪಂಚರು, ಯಾವ ಭಾಷೆ, ನೋಟೀಸನ್ನು ಯಾವ ವಿಳಾಸಕ್ಕೆ ಅಥವಾ ಇಮೇಲಿಗೆ ಕಳಿಸುವದು ಎಂಬ ನಾಲ್ಕನ್ನು ಬರೆದಿಟ್ಟುಕೊಳ್ಳಬೇಕು. ದೂರದ ಊರು ಬೇಡವೆಂದರೆ ಮುಂಬಯಿ ಬೆಂಗಳೂರುಗಳನ್ನು ಕೇಳಿಕೊಳ್ಳುವ ಕಾಲ ಅದೇ, ಆಮೇಲೆ ಅಲ್ಲ. ಪರಭಾಷೆಯ ಕಾಗದವು ಮನೆಗೆ ಬಂದರೆ ಅದು ಬಂದ ತಾರೀಖನ್ನು ಅದರ ಮೇಲೆಯೇ ಬರೆದು, ಓದಬಲ್ಲವರಿಂದ ಅಂದೇ ಓದಿಸಬೇಕು. ಮನೆಯ ತಾಯಂದಿರು ಈ ಒಂದು ಪದ್ಧತಿಯನ್ನು ಹಿಡಿದರೆ ಎಷ್ಟೋ ಮನೆತನಗಳು ಉಳಿದಾವು. ಉತ್ತರವನ್ನು ಅವಧಿಯೊಳಗೆ ಬರಹದಲ್ಲಿಯೇ ಕೊಡಬೇಕು. ಅವಧಿ ಸಾಲದಿದ್ದರೆ ಹೆಚ್ಚಿಗೆ ಬೇಡಬೇಕು. ಬೇಡಿದ ಕಾಗದದ ಪ್ರತಿಯನ್ನು ಇಟ್ಟುಕೊಳ್ಳಬೇಕು. ಪಂಚರಿಗೆ ಅಧಿಕಾರವೇ ಇಲ್ಲವೆಂದು ತೋರಿದರೂ ಅದನ್ನು ಅವರ ಮುಂದೆಯೇ ಹೇಳಬೇಕು. ಮನೆಯಲ್ಲಿ ಕುಳಿತು ಹೇಳಿಕೊಂಡದ್ದನ್ನು ಯಾರೂ ಬರೆದುಕೊಳ್ಳುವದಿಲ್ಲ. ಬೇಡಿಯೂ ಅವರು ಕೇಳದಿದ್ದರೆ, ಆಗ 48ನೆಯ ಕಲಮು ನಿಮ್ಮ ಬೆನ್ನಿಗೆ ನಿಲ್ಲುವದು.

ಪಂಚರ ಮುಖದಲ್ಲಿ ಪರಮೇಶ್ವರನು ನುಡಿಯುವನೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನುಡಿಯುವದಕ್ಕೆ ಮೊದಲು ಆ ಪರಮೇಶ್ವರನು ಇಬ್ಬರ ಮಾತನ್ನೂ ಕೇಳತಕ್ಕದ್ದೆಂಬುದು ಕಾಯದೆಯ ಕಟ್ಟಳೆ. ಆದರೆ ಕೇಳುವವನ ಮುಂದೆ ಹೋಗಿ ಹೇಳುವದು ನಮ್ಮ ಕೆಲಸ. ಅದನ್ನು ನಮಗಾಗಿ ಯಾವ ಕೋರ್ಟೂ ಮಾಡಲಾರದು.